ತಲೆಕೆಳಗಾದ ಹೊಣಕೆರೆ ಬೋರು

ನನ್ನ ಸಿಟ್ಟು ಬೇಗ ಆರುವಂಥದ್ದಲ್ಲ. ಇದನ್ನು ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಿಲ್ಲ, ಮೊದಲೇ ತಿಳಿಸಿಬಿಡೋಣ ಅಂತ ಅಷ್ಟೆ.

ಎರಡು ವರ್ಷ ನಾನು ಶ್ರೀರಂಗಪಟ್ಟಣದ ಒಂದು ಖಾಸಗಿ ಆಫೀಸಿನಲ್ಲಿ ನೆಲದೊಳಗಿನ ನಕ್ಷೆ ಮಾಡುವ ಕೆಲಸದಲ್ಲಿದ್ದೆ. ಬೋರ್‌ವೆಲ್ ಕೊರೆಯುವ ಕಡೆಗೆಲ್ಲ ಹೋಗಿ, ಎಷ್ಟು ಅಡಿವರೆಗೆ ಕೆಮ್ಮಣ್ಣು, ಎಲ್ಲಿಂದ ಗಟ್ಟಿ ಕಲ್ಲು ಎಂದು ಬರೆದು ತರಬೇಕು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ನಾಲ್ಕು ತಾಲ್ಲೂಕಿನ ನೆಲದಡಿಯನ್ನು ಪರದೆಯ ಮೇಲೆ ಸುತ್ತ ತಿರುಗಿಸಿ ನೋಡಬಹುದಿತ್ತು. ಬೆಳಗ್ಗೆ ಹೊಸಹೊಳಲಿನಿಂದ ಸ್ಕೂಟರಿನಲ್ಲಿ ಹೊರಟರೆ ಸಂಜೆ ತಲೆತುಂಬ ಕಲ್ಲುಪುಡಿ ಮೆತ್ತಿಕೊಂಡು ಮನೆ ಸೇರುತ್ತಿದ್ದೆ.

ಆಫೀಸಿನ ಯಜಮಾನರು ಎ.ಸಿ. ಬಿಟ್ಟು ಕದಲುತ್ತಿರಲಿಲ್ಲ. ಕೆಲಸ ಮುಗಿಯುತ್ತ ಬಂದಾಗ ನಕ್ಷೆಯ ಮೂಲೆಯಲ್ಲಿದ್ದ ನನ್ನ ಹೆಸರನ್ನು ಅಳಿಸಿ ತಮ್ಮದೊಂದನ್ನೇ ಉಳಿಸಿಕೊಂಡರು. ಕೇಳಿದ್ದಕ್ಕೆ, "ಮಣ್ಣು ಹೊತ್ತು ತರೋರ ಹೆಸರನ್ನೆಲ್ಲ ಹಾಕ್ತಾ ಹೋದ್ರೆ ಜಾಗ ಎಲ್ಲಿ ಸಾಕಾಗುತ್ತಮ್ಮ?" ಅಂದರು. ಪಕ್ಕದಲ್ಲಿದ್ದವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ಜನರ ಮುಂದೆ ಈ ಮನುಷ್ಯ ತಲೆ ತಗ್ಗಿಸಬೇಕು, ನನ್ನ ಹೆಸರನ್ನು ತನ್ನ ಬಾಯಿಂದಲೇ ಹೇಳಬೇಕು ಎಂದು ಆವತ್ತೇ ಹಟ ಹಿಡಿದೆ.

ಹೊಣಕೆರೆ ಹತ್ತಿರ ಕೊನೆಯ ಬೋರು ಕೊರೆದ ದಿನ ನನಗೆ ಜ್ವರ. ಬೋರಿನ ಪಕ್ಕ ನಿಂತ ತಮ್ಮದೊಂದು ಫೋಟೋ ಹೇಗೂ ಬೇಕಿತ್ತು, ಯಜಮಾನರೇ ಹೋದರು. ಕೊರೆಯುವಾಗ ಒಂದೊಂದು ರಾಡು ಇಳಿದಂತೆಲ್ಲ ಮೇಲೆ ಬರುವ ಪುಡಿಯನ್ನು ಸಣ್ಣ ಗುಡ್ಡೆ ಮಾಡಿ ಸಾಲಾಗಿ ಇಡುತ್ತಾರೆ. ನಮ್ಮ ಕಡೆ ಬೋರು ಲಾರಿಯವರು ಮೊದಲ ಗುಡ್ಡೆಯನ್ನು ಮೂಡಲಿಗೆ, ತೆಂಗಿನಕಾಯಿ ಒಡೆದು ಪೂಜೆ ಮಾಡಿದ ಕಲ್ಲಿನ ಪಕ್ಕ ಇಡುವುದು. ಅಲ್ಲಿಂದ ಸಾಲು ಪಡುವಲಿಗೆ ಹೋಗುತ್ತದೆ. ಇದು ಯಜಮಾನರಿಗೆ ಎಲ್ಲಿ ಗೊತ್ತು? ಕೊರೆದು ಮುಗಿಯುವ ಹೊತ್ತಿಗೆ ಕಾರಿಳಿದು, ಕಾರು ನಿಂತ ಪಡುವಲ ತುದಿಯಿಂದಲೇ ಗುಡ್ಡೆ ಎಣಿಸಿ ಬರೆದುಕೊಂಡು ಬಂದರು.

ಮರುದಿನ ಅವರ ಹಾಳೆ ನೋಡಿದ ತಕ್ಷಣ ನನಗೆ ಗೊತ್ತಾಯಿತು. ಮೇಲೆ ಗಟ್ಟಿ ಕಲ್ಲು, ಮುನ್ನೂರು ಅಡಿಯ ತಳದಲ್ಲಿ ಕೆಮ್ಮಣ್ಣು! ಬಾಯಿ ಬಿಡಲಿಲ್ಲ. ಇದ್ದ ಹಾಗೇ ಕಂಪ್ಯೂಟರಿಗೆ ಹಾಕಿದೆ. ಹೊಣಕೆರೆಯ ಅಡಿಯಲ್ಲಿ ಕೆಂಪಗೆ ಒಂದು ಬೋಗುಣಿ ಮೂಡಿತು. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಹೊಳೆ ತಂದ ಮಣ್ಣು ಪದರ ಪದರವಾಗಿ ಅಷ್ಟು ಆಳಕ್ಕೆ ಕೂತ ಜಾಗ ಇಲ್ಲೆಲ್ಲೂ ಇಲ್ಲ. ಯಜಮಾನರು ಮಾತ್ರ ಯಾರಿಗೂ ಸಿಗದ ನೀರಿನ ತಾಣ ತಮಗೆ ಸಿಕ್ಕಿತೆಂದು ಕುಣಿದಾಡಿಬಿಟ್ಟರು. ಎದ್ದು ಕಾಣಲಿ ಎಂದು ನಾನು ಆ ಕೆಂಪನ್ನು ಇನ್ನಷ್ಟು ಗಾಢ ಮಾಡಿಕೊಟ್ಟೆ.

ನಕ್ಷೆ ತೋರಿಸಿ ಒಪ್ಪಿಗೆ ಪಡೆಯಲು ಪಾಂಡವಪುರದಲ್ಲಿ ಸಭೆ. ಎಂಜಿನಿಯರುಗಳು, ರೈತರು, ಬೋರು ಲಾರಿಯವರು ಎಲ್ಲ ಸೇರಿದ್ದರು. ಯಜಮಾನರು ಬೋಗುಣಿಯನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಕೆ.ಆರ್. ಪೇಟೆಯ ಬೋರು ಲಾರಿ ಮಾಲೀಕರು, ಎಲ್ಲರೂ ಭಾಯ್ ಎಂದೇ ಕರೆಯುವವರು, ಎದ್ದು ನಿಂತರು. ಹೊಣಕೆರೆಯ ಬೋರು ಕೊರೆದದ್ದು ಅವರದೇ ಲಾರಿ.

"ಸಾ, ಆ ಬೋರು ನಮ್ದೇ. ಕೆಮ್ಮಣ್ಣು ಮೇಲ್ಗಡೆ ಇದ್ದದ್ದು, ಅದುಕ್ಕೇ ಮೇಲಿನ್ ನಲವತ್ತಡಿಗೆ ಕೇಸಿಂಗ್ ಪೈಪ್ ಇಳ್ಸಿದ್ವಿ. ತಳದಲ್ಲಿ ಅಂಗೆ ಮಣ್ಣಿದ್ದಿದ್ರೆ ಬೋರು ಕುಸ್ಕೊಂಡ್ಬುಡ್ತಿತ್ತು. ನೀವು ಗುಡ್ಡೆನ ಕೊನೆಯಿಂದ ಎಣಿಸ್ಬುಟ್ಟಿದ್ದೀರ."

ಸಭೆ ಗೊಳ್ಳೆಂದು ನಕ್ಕಿತು. ಯಜಮಾನರ ಮುಖ ಕಪ್ಪಿಟ್ಟಿತು. ಮೈಕಿನಲ್ಲೇ ನನ್ನ ಹೆಸರು ಹಿಡಿದು, "ಇದನ್ನೆಲ್ಲ ಮಾಡಿದ್ದು ಇವಳು" ಎಂದು ನನ್ನತ್ತ ಕೈ ತೋರಿಸಿದರು.

ಆ ಗಳಿಗೆಗೇ ಕಾದಿದ್ದೆ. ಎದ್ದು ನಿಂತು, "ನಕ್ಷೇಲಿ ನನ್ನ ಹೆಸರು ಎಲ್ಲಿದೆ ಸಾರ್, ತೋರಿಸಿ" ಅಂದೆ. ಎಲ್ಲರೂ ಪರದೆಯ ಮೂಲೆ ನೋಡಿದರು. ಅಲ್ಲಿದ್ದದ್ದು ಅವರೊಬ್ಬರ ಹೆಸರು. ಮನಸ್ಸಿಗೆ ಹಾಲು ಕುಡಿದಷ್ಟು ಹಿತವಾಯಿತು.

ಹೊರಗೆ ಸ್ಕೂಟರ್ ತೆಗೆಯುವಾಗ ಭಾಯ್ ಹತ್ತಿರ ಬಂದರು.

"ನಿಂಗೆ ಮೊದ್ಲೇ ಗೊತ್ತಿತ್ತು ಅಲ್ವೇನವ್ವಾ?"

"ಗೊತ್ತಿತ್ತು ಭಾಯ್."

"ನೀನು ನಮ್ ಲಾರಿ ತಾವ ಬಿಸ್ಲಲ್ಲಿ ನಿಂತ್ಕಂಡು ಬರ್ಕೋತಿದ್ದೆ. ಮಿಕ್ಕಿದ್ ಬೋರೆಲ್ಲ ಸರ್ಯಾಗೇ ಇದ್ವು. ಇನ್ ಅದ್ನ ಯಾರವ್ವ ನಂಬ್ತಾರೆ?"

ನಾನು ಸ್ಕೂಟರ್ ಚಾಲೂ ಮಾಡಿ ಹೊರಟೆ. ಅವರು ಹೇಳಿದ ಹಾಗೇ ಆಯಿತು. ಎಂಜಿನಿಯರುಗಳು ಇಡೀ ನಕ್ಷೆಯನ್ನೇ ಬೇಡವೆಂದರು. ಯಜಮಾನರು ಆಫೀಸು ಮುಚ್ಚಿಕೊಂಡು ಹೋದರು, ನನ್ನ ಎರಡು ವರ್ಷದ ದುಡಿಮೆಯೂ ಮಣ್ಣುಪಾಲಾಯಿತು.  ಆದರೂ ನಾಳೆ ಅದೇ ಹಾಳೆಯನ್ನು ನನ್ನ ಕೈಗೆ ಕೊಟ್ಟರೆ ತಿದ್ದುವುದಿಲ್ಲ.