ದೇವರ ದೀಪ ಹತ್ತದ ಸಂಜೆ

ನಮ್ಮದು ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಕಾರು. ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡಲ್ಲಿ ಕೊಂಡದ್ದು. ಕೊಂಡ ದಿನವೇ ನನ್ನ ಗಂಡ ಅಲ್ಲಿನ ಒಂದು ಅಂಗಡಿಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಬಸವಣ್ಣನನ್ನು ಕೂರಿಸಿ, ಅವನ ಮುಂದೊಂದು ಕೆಂಪು ದೀಪ ಹಾಕಿಸಿದರು. ಖಾಸಗಿ ಬಸ್ಸುಗಳಲ್ಲಿ ಇರುವಂಥದ್ದೇ, ಬ್ರೇಕ್ ತುಳಿದರೆ ಹತ್ತುವ ದೀಪ. ಅದು ಹತ್ತಿದಾಗಲೆಲ್ಲ ಪಕ್ಕದಲ್ಲಿ ಕೂತ ಅತ್ತೆ ಕೈಮುಗಿಯುತ್ತಿದ್ದರು. ಹಂಪ್ ಜಾಸ್ತಿ ಇರುವ ರಸ್ತೆಯಲ್ಲಿ ಅವರ ಕೈಗೆ ಬಿಡುವೇ ಇರುತ್ತಿರಲಿಲ್ಲ.

ಮಾವ ಮಾತ್ರ ಕಾರು ಹತ್ತುತ್ತಿರಲಿಲ್ಲ. ಕಿಟಕಿ ಮುಚ್ಚಿದರೆ ವಾಂತಿ ಬರುತ್ತದೆಂದು ತಮ್ಮ ಹಳೇ ಮೊಪೆಡ್ಡಿನಲ್ಲಿ ನಮ್ಮ ಹಿಂದೆಯೇ ಬರುತ್ತಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದನ್ನು ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ದೂಡುತ್ತಿದ್ದರು. ಬೇಡ ಅಂದರೆ ಜಗಳ. "ಜಗಳೂರಿನ ಹೆಣ್ಣು ತಂದ್ರೆ ಜಗಳಾನೇ ಬರೋದು" ಎಂದು ನನ್ನ ತವರಿನ ಹೆಸರು ಎಳೆಯುತ್ತಿದ್ದರು. ಆದರೆ ಜಗಳದಲ್ಲಿ ಅವರನ್ನು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

"ನನಿಗೆ ಎಲ್ಲ ಕಾಣ್ತೈತೆ. ನಿನ್ನ ಕಾರಿನ ಕೆಂಪು ದೀಪ ನೋಡ್ಕಂಡು ಬರ್ತೀನಿ, ನೀನು ನಡಿ" ಅನ್ನುತ್ತಿದ್ದರು. ಅದು ಬರೀ ಬಡಾಯಿಯ ಮಾತು ಎಂದುಕೊಂಡಿದ್ದೆ.

ಆ ದಿನ ಹೊನ್ನಾಳಿಯ ನಾದಿನಿಯ ಮನೆಗೆ ನಾವು ಮೂವರೂ ಊಟಕ್ಕೆ ಹೋಗಿದ್ದೆವು. ಹೋಗುವಾಗ ಎಲ್ಲ ಸರಿ ಇತ್ತು. ಸಂಜೆ ನ್ಯಾಮತಿಗೆ ವಾಪಸ್ ಹೊರಟಾಗ ಕಾರೇನೋ ಸ್ಟಾರ್ಟ್ ಆಯಿತು, ಆದರೆ ಗೇರಿನ ಹಿಡಿಕೆ ಪಾರ್ಕಿಂಗ್‌ನಿಂದ ಕದಲಲಿಲ್ಲ. ಬ್ರೇಕ್ ತುಳಿದರೆ ಮಾತ್ರ ಅದು ಈಚೆ ಬರಬೇಕು, ಅದು ಈ ಕಾರಿನ ಕಟ್ಟಳೆ. ನಾನು ಬ್ರೇಕನ್ನು ಬಲವಾಗಿ ತುಳಿದೆ, ಹಿಡಿಕೆ ಎಳೆದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಕಾರು ನಿಂತಿದ್ದ ಇಳಿಜಾರಿನ ಭಾರಕ್ಕೆ ಗೇರು ಕಚ್ಚಿಕೊಂಡಿರಬಹುದೆಂದು ಮಾವ ಹಿಂದಿನಿಂದ ಭುಜ ಕೊಟ್ಟು ನೂಕಿದರು. ಜಪ್ಪಯ್ಯ ಅಂದರೂ ಬರಲಿಲ್ಲ.

"ದೇವರ ದೀಪ ಹತ್ತಲಿಲ್ಲ ನೋಡು" ಅಂದರು ಅತ್ತೆ. "ಬರಾಕೆ ಒಲ್ಲೆ ಅಂತೈತೆ. ಇವತ್ತು ಇಲ್ಲೇ ಉಳಿಯಣ."

"ಬಲ್ಬು ಹೋಗಿರ್ತೈತೆ ಅತ್ತೆ. ಅದಕ್ಕೂ ಗೇರಿಗೂ ಏನು ಸಂಬಂಧ?" ಎಂದು ಗದರಿದೆ. ಒಳಗೊಳಗೆ ನನಗೂ ಏನೋ ಸರಿ ಇಲ್ಲ ಅನಿಸಿತ್ತು. ಅದನ್ನು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ನ್ಯಾಮತಿಯ ನಮ್ಮ ಅಂಗಡಿಯಲ್ಲೇ ಉಳಿದಿದ್ದ ಗಂಡನಿಗೆ ಫೋನ್ ಮಾಡಿದೆ. "ಗೇರಿನ ಪಕ್ಕ ಒಂದು ಸಣ್ಣ ಮುಚ್ಚಳ ಐತೆ, ತೆಗಿ. ಅದರೊಳಗೆ ಏನಾರ ಚೂಪಾದ್ದು ಹಾಕಿ ಒತ್ತಿ ಹಿಡ್ಕಂಡು ಎಳಿ, ಬರ್ತೈತೆ. ಕಾರು ಕೊಟ್ಟೋರು ಹೇಳಿದ್ರು" ಅಂದರು. ಮುಚ್ಚಳ ತೆಗೆದು ಮನೆಯ ಬೀಗದ ಕೈಯಿಂದ ಒತ್ತಿದೆ. ಹಿಡಿಕೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬಂತು. ನನಗೆ ಖುಷಿಯೋ ಖುಷಿ. ಅತ್ತೆ ಮಾತ್ರ ಬಸವಣ್ಣನ ಕಡೆಯೇ ನೋಡುತ್ತಾ ಕೂತಿದ್ದರು.

ಹೊನ್ನಾಳಿಯಿಂದ ನ್ಯಾಮತಿಗೆ ಸಂಜೆ ಹೊರಟರೆ ಸೂರ್ಯ ಎದುರಿಗೇ ಇರುತ್ತಾನೆ. ಲೈಟ್ ಹಾಕುವಷ್ಟು ಕತ್ತಲಾಗಿರಲಿಲ್ಲ, ಆದರೆ ಗಾಜಿನ ತುಂಬ ಬಿಸಿಲು, ಕಣ್ಣು ಬಿಡಲಾಗುತ್ತಿರಲಿಲ್ಲ. ಕನ್ನಡಿಯಲ್ಲಿ ಮಾವ, ತಲೆಗೆ ಟವೆಲ್ ಸುತ್ತಿಕೊಂಡು, ಬಾಲ ಹಿಡಿದವರ ಹಾಗೆ ಹಿಂದೆಯೇ ಬರುತ್ತಿದ್ದರು. ಒಂದು ಹಂಪ್ ಬಂತು. ಬ್ರೇಕ್ ತುಳಿದೆ. ದೇವರ ದೀಪ ಹತ್ತಲಿಲ್ಲ, ಅತ್ತೆಯ ಕೈ ಮಡಿಲಲ್ಲೇ ಉಳಿಯಿತು. ಕನ್ನಡಿ ನೋಡುತ್ತೇನೆ, ಮಾವನ ಮುಖ ಇಷ್ಟು ದೊಡ್ಡದಾಗಿ ಬಂದು ಸರ್ರನೆ ಪಕ್ಕಕ್ಕೆ ಹೊರಳಿ ಮತ್ತೆ ಹಿಂದೆ ಸರಿಯಿತು.

ಆಗ ತಲೆಗೆ ಹೊಳೆಯಿತು. ದೇವರ ದೀಪಕ್ಕೆ ವೈರು ಎಳೆದದ್ದು ಹಿಂದಿನ ಬ್ರೇಕ್ ಲೈಟಿನಿಂದ. ಅದು ಎಲ್ಲೋ ತಾಗಿ ಫ್ಯೂಸ್ ಹೋಗಿದ್ದರೆ ಎರಡು ದೀಪವೂ ಸತ್ತಿವೆ. ಅದೇ ಫ್ಯೂಸಿನಿಂದ ಹೋಗಬೇಕಾದ ಬ್ರೇಕ್ ತುಳಿದ ಸುದ್ದಿ ಗೇರಿಗೂ ಮುಟ್ಟಿಲ್ಲ, ಅದಕ್ಕೇ ಅದು ಬಿಡಲೊಲ್ಲದೆ ಹಟ ಹಿಡಿದಿತ್ತು. ನಾನು ಬೀಗದ ಕೈ ಹಾಕಿ ಅದರ ಬಾಯಿ ಮುಚ್ಚಿಸಿ ಬಂದಿದ್ದೆ. ಮಾವ ನಂಬಿಕೊಂಡ ಕೆಂಪು ದೀಪ ಇರಲೇ ಇಲ್ಲ.

ನಿಧಾನಕ್ಕೆ ಪಕ್ಕಕ್ಕೆ ಹಾಕಿ ಅವರಿಗೆ ಹೇಳೋಣವೆಂದು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಅಷ್ಟರಲ್ಲಿ ತಿರುವು ಬಂತು. ತಿರುವಿನಾಚೆ ನಮ್ಮ ಕಡೆಯ ಅರ್ಧ ರಸ್ತೆಯ ತುಂಬ ಮೆಕ್ಕೆಜೋಳ ಒಣಹಾಕಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಉಳಿದ ಅರ್ಧದಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ನಮ್ಮ ಕಡೆಗೇ ಬರುತ್ತಿತ್ತು. ನಾನು ನಿಲ್ಲದಿದ್ದರೆ ಬಸ್ಸು. ನಿಂತರೆ ಮಾವ ನನಗೆ ಗುದ್ದಿ ಅದೇ ಬಸ್ಸಿನ ಗಾಲಿಗೆ ಬೀಳುತ್ತಾರೆ.

"ಅಯ್ಯೋ, ಅವರು!" ಅಂದರು ಅತ್ತೆ.

ಕೆಂಪು ಬೇಕು, ಹೇಗಾದರೂ ಕೆಂಪು ಬೇಕು. ಹೆಡ್‌ಲೈಟ್ ಹಾಕಿದರೆ ಹಿಂದೆಯೂ ಕೆಂಪು ಹತ್ತುತ್ತದೆ, ಅದರ ವೈರಿನ ದಾರಿ ಬೇರೆ. ಒಂದು ಕೈಯಲ್ಲಿ ಲೈಟಿನ ಸ್ವಿಚ್ ತಿರುಗಿಸಿದೆ, ಬ್ರೇಕ್ ಒತ್ತಿ ಹಿಡಿದೆ. ಕನ್ನಡಿ ನೋಡುವ ಧೈರ್ಯ ಬರಲಿಲ್ಲ. ಬಸ್ಸು ನಮ್ಮ ಕಾರಿನ ಬಾಗಿಲು ಸವರಿದ ಹಾಗೆ ದಾಟಿತು. ಹಿಂದೆ ಟಕ್ ಎಂದು ಸಣ್ಣ ಸದ್ದು.

ಇಳಿದು ಓಡಿದೆ. ಮೊಪೆಡ್ಡಿನ ಮುಂದಿನ ಗಾಲಿ ಬಂಪರಿಗೆ ತಾಗಿ ನಿಂತಿತ್ತು. ಮಾವ ಎರಡೂ ಕಾಲು ನೆಲಕ್ಕೂರಿ, ನನ್ನ ಕಡೆಗಲ್ಲ, ನಾನು ನಿಂತಿದ್ದಕ್ಕಿಂತ ಸ್ವಲ್ಪ ಪಕ್ಕಕ್ಕೆ ನೋಡುತ್ತಾ ಕೂತಿದ್ದರು.

"ಈಗ ಹತ್ತಿತು ನೋಡು ನಿನ್ನ ದೀಪ" ಅಂದರು. "ಹಂಪ್ ಹತ್ರ ಯಾಕೆ ಹತ್ತಲಿಲ್ಲ?"

"ಬಸ್ಸು ನೋಡಿದ್ರಾ ಮಾವ? ಒಂದು ಗೇಣು ಆಚೆ ಬಂದಿದ್ರೆ..." ಅಳು ಬಂತು.

ಅವರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಬಸ್ಸಾ ಅದು?"

ಪೊರೆ ತೆಗೆಸಿದ ಕಣ್ಣೂ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಕೈ ಚಾಚಿದೆ. ಒಂದಿಷ್ಟೂ ಜಗಳ ಮಾಡದೆ ಮೊಪೆಡ್ಡಿನ ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ಬಸ್ಸು ಎದುರಿಗೆ ಬಂದಾಗಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ.