ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ

ಹೋದ ವರ್ಷ ಆಷಾಢದ ಕೊನೆಯ ಗುರುವಾರ, ಬೆಳಿಗ್ಗೆ ಆರರ ಸುಮಾರಿಗೆ, ಬೀದರಿನ ಚಿದ್ರಿಯಲ್ಲಿ ಮಿಸ್ತ್ರಿ ಕಾಕಾ ತೀರಿಕೊಂಡರು. ಮೈ ತೊಳೆದ ಮೇಲೂ ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಜಾಲಿ ಕಟ್ಟಿಗೆಯ ಕೆಂಪು ಪುಡಿ ಉಳಿದಿತ್ತು. ಆ ಹೆಬ್ಬೆರಳು ಹೊರಗಡೆಗೆ ತುಸು ಬಾಗಿತ್ತು. ಬೈರಿಗೆ ತಿರುಗಿಸಿ ತಿರುಗಿಸಿ ಹಾಗಾಯಿತು ಎಂದು ಅವರೇ ಹೇಳುತ್ತಿದ್ದರು.

ಅವರ ಊರು ಕಮಠಾಣ. ಬಡಿಗತನ ಕಲಿತದ್ದು ಅಲ್ಲಿಯೇ. ಚಿದ್ರಿಯಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಮುಂದಿನ ತಗಡಿನ ಚಪ್ಪರವೇ ಕೆಲಸದ ಜಾಗ. ಕಟ್ಟಿಗೆಗೆ ತೂತು ಹಾಕಿದ ಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಅದರೊಳಗೆ ನೋಡುತ್ತಿದ್ದರು, ಆಮೇಲೆ ಊದುತ್ತಿದ್ದರು. ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ. ಬೈರಿಗೆಯ ಸುತ್ತು ಎಣಿಸುವಾಗ ಯಾರು ಮಾತಾಡಿಸಿದರೂ ಉತ್ತರ ಸಿಗುತ್ತಿರಲಿಲ್ಲ. ಪೇಪರಿನವರು, ಸುದ್ದಿ ಬರೆಯುವವರು ಎಂದು ನನಗೆ ಒಂದು ರಿಯಾಯಿತಿಯಿತ್ತು: ಕೈ ಎತ್ತಿ ತಡೆ ಎನ್ನುತ್ತಿದ್ದರು.

ನನ್ನ ಅವ್ವ ಬೀದರಿನ ಒಂದು ಫಂಕ್ಷನ್ ಹಾಲಿನಲ್ಲಿ ಗುತ್ತಿಗೆಯವರ ಕೈಕೆಳಗೆ ಕಸ ಗುಡಿಸುವ ಕೆಲಸ ಮಾಡುತ್ತಿದ್ದಳು. ಅವಳ ತವರು ಸಾಯಗಾಂವ. ಒಮ್ಮೆ ತವರಿಗೆ ಹೋದಾಗ ಸೊಂಟ ಹಿಡಿದುಕೊಂಡಿತು, ಮನೆಯವರು ಭಾಲ್ಕಿಯ ಡಾಕ್ಟರಿಗೆ ತೋರಿಸಿದರು. ಇನ್ನು ಬಗ್ಗಿ ಕೆಲಸ ಮಾಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಅವಳು ಕಸಬರಿಗೆ ಬಿಟ್ಟು ಉದ್ದ ಕೋಲಿನ ಬ್ರಶ್ಶು ಹಿಡಿದಳು. ಕೋಲಿನ ತುದಿ ಕಬ್ಬಿಣದ್ದು, ಸ್ಕ್ರೂವಿನ ಹಾಗೆ ಸುತ್ತುಗೆರೆ ಇರುವಂಥದ್ದು. ಅದು ಬ್ರಶ್ಶಿನ ಪ್ಲಾಸ್ಟಿಕ್ ತೂತಿನಲ್ಲಿ ತಿರುಗಿ ಕೂರುತ್ತದೆ. ಒಂದು ದಿನ ಆ ಪ್ಲಾಸ್ಟಿಕ್ ಒಡೆಯಿತು. ಬ್ರಶ್ಶಿನ ಕೂದಲು ಇನ್ನೂ ಗಟ್ಟಿ, ಕೋಲೂ ಗಟ್ಟಿ. ಹೊಸದು ಬರುವುದು ಮುಂದಿನ ವರ್ಷ ಎಂದು ಸೂಪರ್‌ವೈಸರ್ ಹೇಳಿದ.

ಅವ್ವ ಎರಡನ್ನೂ ಚಪ್ಪರಕ್ಕೆ ಒಯ್ದಳು. "ಅಣ್ಣಾ, ಕೋಲು ಛಲೋ ಅದ, ತಲಿನೇ ಹೋಗ್ಯಾದ. ಏನಾರ ಮಾಡ್ರಿ."

"ಮ್ಯಾಲೊಂದು ಕಟ್ಟಿಗಿ ತುಂಡು ಕೂಡಿಸಿ ಮೊಳಿ ಹೊಡೀತೀನಿ ತಂಗಿ. ಐದು ಮಿನಿಟಿನ ಕೆಲಸ," ಎಂದರು ಕಾಕಾ.

ಎಂಟನೆಯ ದಿನ ಫಂಕ್ಷನ್ ಹಾಲಿನ ನಡುವೆ ಬ್ರಶ್ಶಿನ ತಲೆ ಕಳಚಿ, ಮೊಳೆ ನೆಲಕ್ಕೆ ಗೀರು ಎಳೆಯಿತು. ಸೂಪರ್‌ವೈಸರ್ ಬಂದು ಗೀರು ನೋಡಿದ. "ಸೋಮವಾರದೊಳಗ ಸರಿ ಮಾಡಿಸ್ರಿ, ಇಲ್ಲಂದ್ರ ಬಗ್ಗಿ ಕಸ ಹೊಡೀರಿ. ಬಗ್ಗಾಕ ಆಗಂಗಿಲ್ಲ ಅಂದ್ರ ಬ್ಯಾರೆ ಮಂದಿ ಅದಾರ," ಎಂದ.

ಅವ್ವ ಕಳಚಿದ ತಲೆಯನ್ನೂ ಕೋಲನ್ನೂ ಕಾಕಾನ ಮುಂದೆ ಇಟ್ಟಳು. "ನಿಮ್ಮ ಐದು ಮಿನಿಟು ಎಂಟು ದಿನ ಬಾಳಿಕಿ ಬಂತು ನೋಡ್ರಿ ಅಣ್ಣಾ."

ಕಾಕಾ ಕೋಲಿನ ತುದಿಯ ಮೇಲೆ ಉಗುರು ಆಡಿಸಿದರು. "ಮೊಳಿ ಹೊಡದದ್ದೇ ತಪ್ಪು. ಇದಕ್ಕ ಚೂಡಿ ಅದ. ಕಟ್ಟಿಗಿಗೂ ಚೂಡಿ ತಗೀಬೇಕು. ಬ್ರಶ್ಶು ಸವದಾಗ ತಿರುವಿ ತಗೀಬೇಕು, ಕೋಲು ಉಳೀಬೇಕು." ನಮ್ಮ ಕಡೆ ಆ ಸುತ್ತುಗೆರೆಗೆ ಚೂಡಿ ಎನ್ನುತ್ತಾರೆ.

ಕಟ್ಟಿಗೆಯ ತೂತಿನೊಳಗೆ ಚೂಡಿ ಕೊರೆಯುವುದನ್ನು ಅವರು ಅದುವರೆಗೆ ಮಾಡಿರಲಿಲ್ಲ. ಗುಜರಿ ಅಂಗಡಿಯಿಂದ ಮುರಿದ ಕೋಲೊಂದರ ಕಬ್ಬಿಣದ ತುದಿ ತಂದರು. ಅದರ ಉದ್ದಕ್ಕೂ ಅರದಿಂದ ಉಜ್ಜಿ ಮೂರು ಗಾಡಿ, ಅಂದರೆ ಕಾಲುವೆಯ ಹಾಗಿನ ತಗ್ಗುಗೆರೆ, ತೆಗೆದರು. ಗಾಡಿಯ ಅಂಚು ಹರಿತವಾಗಿ ಕಟ್ಟಿಗೆ ಕಡಿಯುತ್ತದೆ, ಪುಡಿ ಗಾಡಿಯಲ್ಲಿ ಇಳಿಯುತ್ತದೆ. ಹಿಡಿಯಲು ಅಡ್ಡ ಸರಳು ಬೆಸುಗೆ ಹಾಕಿಸಿದರು. ಜಾಲಿ ತುಂಡಿಗೆ ಚೂಡಿಯ ತಳದಷ್ಟೇ ಅಗಲದ ತೂತು ಹಾಕಿ, ಕುಸುಬಿ ಎಣ್ಣೆ ಬಿಟ್ಟು, ತಿರುಗಿಸಿದರು. ಮೊದಲ ತುಂಡು ಸೀಳಿತು. ಎರಡನೆಯದೂ ಸೀಳಿತು. ಒಂದೇ ಸಮನೆ ಮುಂದಕ್ಕೆ ತಿರುಗಿಸಿದರೆ ಪುಡಿ ಸಿಕ್ಕಿಕೊಂಡು ಕಟ್ಟಿಗೆ ಒಡೆಯುತ್ತದೆ ಎಂಬುದು ಅವರಿಗೆ ತಿಳಿದದ್ದು ಮೂರನೆಯದರಲ್ಲಿ.

"ಒಂದು ಸುತ್ತು ಮುಂದ, ಅರ್ಧ ಸುತ್ತು ಹಿಂದ. ಹಿಂದ ಬಂದಾಗ ಕಟ್ ಅಂತ ಸಪ್ಪಳ ಬರ್ತದ. ಅದು ಪುಡಿ ಮುರಿಯೂದು. ಆ ಸಪ್ಪಳ ಬರ್ಲಿಲ್ಲಂದ್ರ ಮುಂದ ಹೋಗಬ್ಯಾಡ," ಎಂದು ಅವ್ವನಿಗೆ ತೋರಿಸಿದರು. ಅವ್ವ ಕೋಲನ್ನು ಎರಡು ಬೆರಳಿನಲ್ಲಿ ತಿರುಗಿಸಿದಳು. ಅದು ಕೊನೆಯವರೆಗೆ ಇಳಿದು ನಿಂತಿತು. ಭಾನುವಾರ ಕಾಕಾ ಇನ್ನೊಂದು ತಲೆಯನ್ನೂ ಮಾಡಿಟ್ಟರು.

ಎರಡು ತಿಂಗಳು ತೊಂದರೆ ಬರಲಿಲ್ಲ. ಆಮೇಲೆ ಸೂಪರ್‌ವೈಸರ್ ಅವಳನ್ನು ಔರಾದಿನ ಒಂದು ಹಾಸ್ಟೆಲಿಗೆ ಹಾಕಿದ. ಫಂಕ್ಷನ್ ಹಾಲಿಗಿಂತ ದೊಡ್ಡ ಜಾಗ. ಎರಡು ದಿನ ನೋಡುತ್ತೇನೆ, ಆಗದಿದ್ದರೆ ಬಿಡಿಸುತ್ತೇನೆ ಎಂದು ಮೊದಲೇ ಹೇಳಿದ. ಕೋಲನ್ನು ಬಸ್ಸಿನಲ್ಲಿ ಒಯ್ಯುವುದು ತ್ರಾಸು, ಅಲ್ಲಿಯ ಕೋಲಿಗೆ ಈ ತಲೆ ಕೂರುತ್ತದೆಯೇ ಎಂದು ಅವ್ವ ಕಾಕಾನನ್ನು ಕೇಳಿದಳು. "ಎಲ್ಲಾ ಕೋಲೂ ಒಂದೇ ಅಳತಿ ಬರ್ತಾವ. ತಲಿ ಅಷ್ಟೇ ಒಯ್ಯಿ," ಎಂದರು. ಅವಳು ಎರಡು ತಲೆಗಳನ್ನಷ್ಟೇ ಚೀಲದಲ್ಲಿ ಹಾಕಿಕೊಂಡು ಹೋದಳು. ಔರಾದಿನಲ್ಲಿ ಹೊಸ ಕೋಲುಗಳಿದ್ದವು, ಬ್ರಶ್ಶು ಇರಲಿಲ್ಲ. ಒಂದೂ ತೂತಿಗೆ ಇಳಿಯಲಿಲ್ಲ. ಅವಳು ಕಾಕಾನಿಗೆ ಫೋನು ಮಾಡಿದಳು. ಆ ದಿನ ಬಗ್ಗಿಯೇ ಗುಡಿಸಿದಳು. ಸಂಜೆ ಏಳಲು ಗೋಡೆ ಹಿಡಿಯಬೇಕಾಯಿತು.

ಮರುದಿನ ಮೊದಲ ಬಸ್ಸಿಗೆ ಕಾಕಾ ಔರಾದಿಗೆ ಹೋದರು. ಅಲ್ಲಿ ನಡೆದದ್ದನ್ನು ಅವ್ವ ಮತ್ತು ಕಾಕಾ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಎರಡೂ ಹೊಂದುತ್ತವೆ.

ಕಾಕಾ ಹೊಸ ಕೋಲಿನ ಚೂಡಿಯನ್ನು ಮುಟ್ಟಿ ನೋಡಿ, ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತರು. "ಗುಜರಿ ತುದಿ ಸವದಿತ್ತು. ನಿನ್ನ ಕೋಲೂ ಸವದಿತ್ತು. ಸವದದ್ದಕ್ಕ ಸವದದ್ದು ಕೂತದ. ನಾ ಅದೇ ಅಳತಿ ಅಂತ ತಿಳದೆ. ತಪ್ಪು ನಂದು, ತಂಗಿ."

"ತಪ್ಪು ಆಮ್ಯಾಲ ಮಾತಾಡೋಣ್ರಿ ಅಣ್ಣಾ. ಮಧ್ಯಾಹ್ನಕ್ಕ ಸೂಪರ್‌ವೈಸರ್ ಸಾಹೇಬ್ರು ಬರ್ತಾರ."

ಕಾಕಾ ಚೀಲದಿಂದ ಅರ ತೆಗೆದು, ಹೊಸ ಕೋಲೊಂದರ ತುದಿಗೇ ಗಾಡಿ ಹಾಕತೊಡಗಿದರು. ಅಷ್ಟರಲ್ಲಿ, ಮಧ್ಯಾಹ್ನಕ್ಕೆ ಮೊದಲೇ, ಸೂಪರ್‌ವೈಸರ್ ಬಂದ.

"ಏನ್ರೀ, ಹೊಸ ಕೋಲು ಹಾಳು ಮಾಡ್ಲಿಕ್ಕತ್ತೀರಿ?"

"ಹಾಳಲ್ರಿ ಸಾಹೇಬ್ರ. ಇವತ್ತಿಂದ ಇದು ಕೋಲಲ್ಲ, ಔಜಾರ. ಉಳದ ಕೋಲಿಗೆಲ್ಲಾ ಇದೇ ದಾರಿ ಮಾಡಿ ಕೊಡ್ತದ."

"ಮಾಡದಿದ್ರ?"

"ಮಾಡದಿದ್ರ ಕಸಬರಿಗಿ ನಾ ಹಿಡೀತೀನ್ರಿ. ನನಗ ಸೊಂಟ ಅದ ಇನ್ನಾ."

ಸೂಪರ್‌ವೈಸರ್ ನಕ್ಕು ಕುರ್ಚಿ ತರಿಸಿಕೊಂಡ. ಕಾಕಾ ಎಣ್ಣೆ ಬಿಟ್ಟು ಆ ಕೋಲನ್ನು ಹಳೆಯ ತೂತಿನಲ್ಲಿ ತಿರುಗಿಸಿದರು, ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಮುಂದಿನ ಅರ್ಧ ತಾಸು ಅವರು ಯಾರಿಗೂ ಉತ್ತರ ಕೊಡಲಿಲ್ಲ. ಎರಡು ತಲೆಗಳೂ ಹೊಸ ಕೋಲುಗಳಿಗೆ ಕೂತವು. ಅವ್ವ ಊಟದ ಹೊತ್ತಿಗೆ ಕೆಳಗಿನ ಮಹಡಿಯನ್ನು ನಿಂತು ಗುಡಿಸಿ ಮುಗಿಸಿದಳು. ಸೂಪರ್‌ವೈಸರ್ ಎರಡನೆಯ ದಿನ ಮುಗಿಯುವ ತನಕ ಕಾಯಲಿಲ್ಲ, ಅವಳ ಹೆಸರನ್ನು ಕೆಲಸದ ಪಟ್ಟಿಗೆ ಬರೆದುಕೊಂಡು ಹೋದ.

ಗಾಡಿ ಹಾಕಿದ ಕೋಲನ್ನು ಕಾಕಾ ಬೀದರಿಗೆ ತಂದು, ಗೇಣುದ್ದಕ್ಕೆ ಕೊಯ್ದು, ಅಡ್ಡ ಹಿಡಿ ಹಾಕಿ ಔಜಾರ, ಅಂದರೆ ಚೂಡಿ ತೆಗೆಯುವ ಸಲಕರಣೆ, ಮಾಡಿಕೊಂಡರು. ಗುಜರಿಯ ತುದಿಯನ್ನು ಬಿಸಾಡಲಿಲ್ಲ. ಚಪ್ಪರದ ಕಂಬಕ್ಕೆ ತಂತಿಯಿಂದ ಕಟ್ಟಿದರು. ಬಂದವರು ಕೇಳಿದರೆ, "ಒಂದೇ ಕೋಲು ನೋಡಿ ಅಳತಿ ಹಿಡದವನ ತಪ್ಪು ಅದು," ಎನ್ನುತ್ತಿದ್ದರು. ಅವರಿವರು ಹೇಳಿದ್ದನ್ನು ನಾನು ಸುದ್ದಿಗೆಂದು ಬರೆದು ತಂದಾಗಲೂ ಕಾಕಾ ಕೇಳಿದ್ದುಂಟು: "ಎಷ್ಟು ಕೋಲು ಹಾಕಿ ನೋಡಿದಿ?" ಎರಡು ಕಡೆ ಕೇಳದೆ ಸುದ್ದಿ ಕೊಡದಿರುವ ರೂಢಿ ನನಗೆ ಬಂದದ್ದು ಕಚೇರಿಯಿಂದಲ್ಲ.

ಅವರು ತೀರಿಕೊಂಡ ದಿನ ಕಟ್ಟಿಗೆ ಬಿಗಿಹಿಡಿಯುವ ವೈಸ್‌ನಲ್ಲಿ ಜಾಲಿ ತುಂಡೊಂದು ಹಾಗೆಯೇ ಇತ್ತು. ಔಜಾರ ಅದರೊಳಗೆ ಅರ್ಧಕ್ಕೆ ನಿಂತಿತ್ತು. ಮಣ್ಣು ಕೊಟ್ಟು ಬಂದು ಮೂರು ದಿನ ಕಳೆದ ಮೇಲೆ ಅವರ ಹೆಂಡತಿ ಅವ್ವನನ್ನು ಕರೆಸಿದರು. "ಇದು ನಿನ್ನ ಸಲುವಾಗೇ ಹುಟ್ಟಿದ್ದು. ನನಗ ತಗೀಲಿಕ್ಕ ಬರಂಗಿಲ್ಲವ್ವ. ನೀನೇ ತಗೊಂಡು ಹೋಗು," ಎಂದರು. ಅವ್ವ ಹಿಡಿಗೆ ಕೈ ಹಾಕಿದಳು. ಮೊದಲು ಹಿಂದಕ್ಕೆ ತಿರುಗಿಸಿದಳು, ಸಪ್ಪಳ ಬಂತು. ಆಮೇಲೆ ಮುಂದಕ್ಕೆ. ತೂತು ಪೂರ್ತಿಯಾಗುವ ತನಕ ಅವಳೂ ಯಾರಿಗೂ ಉತ್ತರ ಕೊಡಲಿಲ್ಲ.

ಔಜಾರ ಈಗ ನಮ್ಮ ಮನೆಯಲ್ಲಿದೆ. ಅವ್ವ ರಜೆಯ ದಿನ ಚೂಡಿ ತೆಗೆಯುತ್ತಾಳೆ. ಪ್ರತಿ ತೂತಿಗೂ ಒಂದು ಹಳೆಯ ಕೋಲು, ಒಂದು ಹೊಸ ಕೋಲು ಹಾಕಿ ನೋಡುತ್ತಾಳೆ. ಮೊನ್ನೆ ಸೋಮವಾರ ಭಾಲ್ಕಿಯ ಇಬ್ಬರು ಹೆಂಗಸರಿಗೆ ಎರಡು ತಲೆ ಕಳಿಸಿದಳು. ಕೋಲುಗಳು ಕೂತಿವೆ ಎಂದು ನಿನ್ನೆ ಅಲ್ಲಿಂದ ಫೋನು ಬಂತು.