ಸುಭಾನಸಾಬನ ಭಟ್ಟಿ ಸರಿದದ್ದು

ಸುಭಾನಸಾಬನಿಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹನ್ನೆರಡು ವರ್ಷದ ಹಿಂದೆ ಸಿರುಗುಪ್ಪದಲ್ಲಿ ಮಂಡಕ್ಕಿ ಹುರಿಯುವ ಮಂಡಾಳು ಭಟ್ಟಿ ಹಾಕಲು ಪರವಾನಗಿ ಬೇಕೆಂದು ಬಳ್ಳಾರಿಗೆ ಹದಿನೇಳು ಸಲ ಬಸ್ಸು ಹತ್ತಿದ್ದ. ಹದಿನೇಳು ಸಲವೂ ಸಾಹೇಬನ ಮೇಜಿನ ಮುಂದೆ ಕುರ್ಚಿ ಖಾಲಿ ಇತ್ತು. ಒಬ್ಬನಾದರೂ ‘ಕುಂದ್ರಪಾ’ ಅನ್ನಬೇಡವೇ? ಕಾಗದ ತಡವಾಗಿದ್ದನ್ನು ಮರೆತಾನು, ಆ ಕುರ್ಚಿಯನ್ನು ಮರೆಯುವವನಲ್ಲ. ಆ ಮಾತು ಎತ್ತಿದರೆ ಸಾಕು, ಕಾದ ಉಸುಕಿಗೆ ಬಿದ್ದ ಅಕ್ಕಿಯ ಹಾಗೆ ಚಟಪಟ ಸಿಡಿಯುತ್ತಾನೆ.

ಈ ವರ್ಷ ಸಿರುಗುಪ್ಪದ ಜಾಗದ ಮಾಲೀಕ ‘ಬಿಟ್ಟು ಏಳು’ ಅಂದ. ಒಂದು ತಿಂಗಳ ಗಡುವು. ಕುರುಗೋಡಿನ ಹೊರಗೆ ಹೆಂಡತಿ ಮುಮ್ತಾಜಳ ತವರಿನವರ ಉದ್ದನೆಯ ಖಾಲಿ ಜಾಗವಿತ್ತು. ತಿಂಗಳೊಳಗೆ ಅಲ್ಲಿ ಭಟ್ಟಿ ಹೊತ್ತದಿದ್ದರೆ ಮನೆಯ ಒಲೆಯೂ ಹೊತ್ತುವುದಿಲ್ಲ. ಹಿಂದುಮುಂದು ನೋಡದೆ ಬುನಾದಿ ಹಾಕಿಸಿಬಿಟ್ಟ. ಆಮೇಲೆ ಪರವಾನಗಿ ಕಾಗದದ ನೆನಪಾಯಿತು.

“ಈಗ ಹಂಗಿಲ್ಲಂತ, ಎಲ್ಲಾ ಕಂಪ್ಯೂಟರ್‌ನಾಗ ಆಗತೈತಂತ,” ಅಂದಳು ಮುಮ್ತಾಜ್.

ಬೈದುಕೊಳ್ಳುತ್ತಲೇ ಬಳ್ಳಾರಿಯ ಗಾಂಧಿನಗರಕ್ಕೆ ಹೋದ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ರೇಣುಕಾ ಎಲ್ಲ ಕೇಳಿಸಿಕೊಂಡು, “ಸಣ್ಣ ಭಟ್ಟಿ ಅಲ್ಲೇನ್ರಿ? ಇದ್ದದ್ದು ಇದ್ದಂಗ ಬರಸ್ರಿ, ಸಹಿ ಮಾಡ್ರಿ, ಕೆಲಸ ಸುರು ಮಾಡ್ರಿ. ನೋಡಾಕ ಆಮ್ಯಾಲ ಬರ್ತಾರ,” ಅಂದಳು.

“ಯಾರ ಸಹಿ?”

“ನಿಮ್ದ.”

“ಸುಳ್ಳು ಬರಸಿದ್ರ?”

“ಬರಸ್ರಿ. ಸಿಕ್ಕಿಬಿದ್ರ ನೀವ, ನಾ ಅಲ್ಲ.”

ಸುಭಾನಸಾಬ ಎದ್ದು ಕಂಪ್ಯೂಟರಿನ ಹಿಂಬದಿಗೆ ಇಣುಕಿ ನೋಡಿದ. ತನ್ನ ಮಾತನ್ನು ಸರಕಾರ ನಂಬುತ್ತದೆಂದರೆ ಒಳಗೆ ಏನೋ ಇರಲೇಬೇಕು. ವೈರು ಬಿಟ್ಟರೆ ಏನೂ ಇರಲಿಲ್ಲ.

ರೇಣುಕಾ ಪ್ರಶ್ನೆ ಓದತೊಡಗಿದಳು. ನೀರು ಎಲ್ಲಿಂದ, ಬೂದಿ ಎಲ್ಲಿಗೆ, ಬಾಗಿಲು ಎಷ್ಟು. ಪಟಪಟ ಹೇಳಿದ. “ಹತ್ತಿರದ ಮನಿ ಎಷ್ಟು ದೂರ? ಹೊಗಿ ಯಾ ಕಡಿ ಹೋಗತೈತಿ?”

“ದೂರ ಐತಿ.”

“ದೂರ ಅಂಬೋ ನಂಬರ್ ಇಲ್ಲ ಸಾಬ್ರ.”

“ಇಪ್ಪತ್ತು ಹೆಜ್ಜಿ ಅಂತ ಹಾಕು.”

“ಯಾರ ಹೆಜ್ಜಿ? ನಿಮ್ದೋ, ನಂದೋ?”

ಸಿಟ್ಟು ಬರಬೇಕಿತ್ತು, ನಗು ಬಂತು. ಅಳತೆ ಟೇಪು ಕೊಂಡು ಕುರುಗೋಡಿನ ಬಸ್ಸು ಹತ್ತಿದ.

ಬುನಾದಿಗೆ ಹತ್ತಿರದ ಮನೆ ದುರುಗಮ್ಮನದು. ಕೂಲಿಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಒಂಟಿ ಹೆಂಗಸು. ಟೇಪಿನ ತುದಿ ಹಿಡಿ ಅಂದದ್ದಕ್ಕೆ, “ನಮ್ಮನಿ ಕೊಂಡ್ಕಂತಿಯೇನು ಸಾಬಣ್ಣ?” ಅಂತ ನಗುತ್ತ ಹಿಡಿದಳು. ಹದಿನೆಂಟು ಮೀಟರು. ಹೊಗೆ ಯಾವ ಕಡೆ ಹೋದೀತು ಅಂತ ಕೇಳಿದ. ಅವಳು ಒಂದು ಹಿಡಿ ಮಣ್ಣಿನ ಪುಡಿ ಎತ್ತಿ ಗಾಳಿಗೆ ಬಿಟ್ಟಳು. ಪುಡಿ ನೆಟ್ಟಗೆ ಅವಳ ಅಡಿಗೆಮನೆಯ ಕಿಟಕಿಗೆ ಹೋಯಿತು.

“ಮೂರು ತಿಂಗಳು ಹಿಂಗ ಬೀಸ್ತೈತಿ. ಬುನಾದಿ ಹಾಕೂದಕ್ಕಿಂತ ಮುಂಚೆ ಗಾಳಿ ನೋಡಲಿಲ್ಲೇನು?”

ನೋಡಿರಲಿಲ್ಲ. ಬಯ್ಯಲು ಬಾಯಿ ತೆರೆದ. ಎದುರಿಗೆ ಸಾಹೇಬನೂ ಇಲ್ಲ, ಜವಾನನೂ ಇಲ್ಲ.

“ನಲವತ್ತು ಅಂತ ಬರಸ್ರಿ, ಯಾವನ್ ಬಂದು ಅಳೀತಾನ?” ಅಂದ ಬುನಾದಿ ಕಟ್ಟಿದ ಗೌಂಡಿ ಓಬಳೇಶ.

ಸುಭಾನಸಾಬ ಎರಡು ದಿನ ಟೇಪು ಹಿಡಿದು ಬುನಾದಿಯ ಸುತ್ತ ತಿರುಗಿದ. ಮೂರನೆಯ ದಿನ ಓಬಳೇಶನಿಗೆ ಹೇಳಿದ: “ಕೀಳು ಬುನಾದಿ. ಆಫೀಸಿನವರು ಕೇಳಿದ್ದಿದ್ರ ನೂರು ಅಂತಿದ್ದೆಲೇ. ಸಹಿ ನಂದು ಅಂದಮ್ಯಾಲ ನಾಲಿಗಿ ಏಳವಲ್ದು.”

ಜಾಗದ ಆ ತುದಿಗೆ ಭಟ್ಟಿ ಸರಿಯಿತು. ಅಲ್ಲಿಂದ ದುರುಗಮ್ಮನ ಮನೆ ಅರವತ್ತು ಮೀಟರು, ಹೊಗೆ ಬಯಲಿಗೆ. ಹೊಸ ಪೇಚು ಬೇರೆ: ಜಾಗದ ನಡುವೆ ಹೊಲಗಾಲುವೆ. ಭತ್ತದ ಟ್ರ್ಯಾಕ್ಟರು ಆ ತುದಿಗೆ ಮುಟ್ಟಬೇಕೆಂದರೆ ದುರುಗಮ್ಮನ ಹಿತ್ತಲಲ್ಲೇ ಹಾಯಬೇಕು. ಅಲ್ಲಿ ಬೇಲಿ, ಬೇಲಿಯ ಮಗ್ಗುಲಿಗೆ ಕಾಯಿ ಬಿಡುವ ನುಗ್ಗೆ ಗಿಡ. ಕೇಳುವುದು ಹೇಗೆಂದು ಅವನು ಗಂಟಲು ಸರಿಮಾಡಿಕೊಂಡು ಹೋಗುವಷ್ಟರಲ್ಲಿ, ಓಬಳೇಶನ ಬಾಯಿಂದ ಸುದ್ದಿ ಕೇಳಿದ ಅವಳು ಬೇಲಿ ಕಿತ್ತು, ಗಿಡ ಕಡಿಸಿ, ಕೊಂಬೆ ಎಳೆಯುತ್ತಿದ್ದಳು.

“ಹೊಗಿಕ್ಕಿಂತ ಟ್ರ್ಯಾಕ್ಟರ್ ಚಲೋ ಬಿಡಪ್ಪ. ಅದು ಬಂದು ಹೋಗತೈತಿ. ಹೊಗಿ ಬಂದ್ರ ಕುಂತ ಬಿಡತೈತಿ.”

ಮತ್ತೆ ಗಾಂಧಿನಗರ. ಎಲ್ಲ ಇದ್ದದ್ದು ಇದ್ದ ಹಾಗೆ ಬರೆಸಿ ಸಹಿ ಮಾಡಿದ. ರೇಣುಕಾ ತರಿಸಿದ ಚಹಾ ಆರುವುದರೊಳಗೆ ಕಾಗದ ಹೊರಬಂತು. ಸುಭಾನಸಾಬ ಕದಲಲಿಲ್ಲ.

“ಆತಲ್ರಿ, ಹೋಗ್ರಿ.”

“ನಾಳಿ ಬಾ ಅನ್ನಂಗಿಲ್ಲೇನು?”

“ನಾಳಿ ಬಂದ್ರ ಚಹಾ ನೀವ ಕುಡಸ್ಬೇಕಾಗತೈತಿ.”

“ಇದರಾಗ ದುರುಗಮ್ಮನ ಹೆಸರು ಎಲ್ಲಿ ಬರೀತಿ? ದಾರಿ ಬಿಟ್ಟಾಳ ಆಕಿ.”

ರೇಣುಕಾ ಮೇಲೆ ಕೆಳಗೆ ಹುಡುಕಿದಳು. “ಅದಕ್ಕ ಜಾಗ ಇಲ್ರಿ.”

ಗಡುವಿಗೆ ನಾಲ್ಕು ದಿನ ಇರುವಾಗ ಭಟ್ಟಿ ಹೊತ್ತಿತು. ಮೊದಲ ಚೀಲ ಮಂಡಾಳನ್ನು ಸುಭಾನಸಾಬ ತಾನೇ ಹೊತ್ತು ದುರುಗಮ್ಮನ ಬಾಗಿಲಿಗಿಟ್ಟ. ಅವಳು ಒಂದು ಮುಕ್ಕು ಬಾಯಿಗೆ ಹಾಕಿಕೊಂಡು ಚೀಲ ತಿರುಗಿ ಕಳಿಸಿದಳು. ದಾರಿಗೆ ತಿಂಗಳಿಗಿಷ್ಟು ಅಂತ ಬಾಡಿಗೆಯ ದುಡ್ಡು ಹಿಡಿದು ನಿಂತ. “ತಗಂಡ್ರ ದಾರಿ ಮಾರಿದಂಗ ಆತು, ಹೋಗಣ್ಣ,” ಅಂದಳು. ನುಗ್ಗೆಯ ಕೊಂಬೆ ತಂದು ನೆಟ್ಟ. ಬಿಸಿಲಿಗೆ ಒಣಗಿತು.

ಟ್ರ್ಯಾಕ್ಟರುಗಳು ಈಗಲೂ ಅವಳ ಹಿತ್ತಲಲ್ಲೇ ಹಾಯುತ್ತವೆ. ಕಡಿದ ಗಿಡದ ಬೊಡ್ಡೆ ಬಂದಲ್ಲಿ ಸುಭಾನಸಾಬ ಟ್ರ್ಯಾಕ್ಟರಿಂದ ಇಳಿದು ನಡೆದುಕೊಂಡೇ ದಾಟುತ್ತಾನೆ.